ಬಿರುಕು ಬಿಟ್ಟರೂ ಉರಿಯದ ತಟ್ಟೆ: ಕಾರ್ಬನ್ ನಾರು ಮತ್ತು ಸಿಲಿಕಾನ್ ಕಾರ್ಬೈಡ್ ಕಾಂಪೋಸಿಟ್ ತಯಾರಿಕೆಯ ದಾಖಲೆ

ಇದು ನಮ್ಮ ಪ್ರಯೋಗಾಲಯದಲ್ಲಿ ತಯಾರಾದ ಒಂದು ಬಗೆಯ ತಟ್ಟೆಯ ದಾಖಲೆ. ತಟ್ಟೆಯ ಅಳತೆ 100 ಮಿ.ಮೀ. ಚದರ, ದಪ್ಪ 2.5 ಮಿ.ಮೀ. ಒಳಗೆ ಕಾರ್ಬನ್ ನಾರಿನ ಬಟ್ಟೆಯ ಹತ್ತು ಪದರಗಳಿವೆ. ನಾರುಗಳ ನಡುವಿನ ಜಾಗವನ್ನು ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ ತುಂಬಿಕೊಂಡಿದೆ. ಹೀಗೆ ಎರಡು ಬೇರೆ ವಸ್ತುಗಳನ್ನು ಕೂಡಿಸಿ ಮಾಡಿದ ವಸ್ತುವೇ ಕಾಂಪೋಸಿಟ್. ಈ ತಟ್ಟೆಯಿಂದ ನಾವು ಎರಡು ಗುಣಗಳನ್ನು ಬಯಸಿದ್ದೆವು. ಬಾಗಿಸಿದಾಗ ಅದು ಒಮ್ಮೆಲೇ ಎರಡು ತುಂಡಾಗದೆ, ಬಿರುಕು ಬಿಟ್ಟ ಮೇಲೂ ಭಾರ ಹೊರುತ್ತಿರಬೇಕು. ಬಿಸಿ ಗಾಳಿಯಲ್ಲಿ ಗಂಟೆಗಟ್ಟಲೆ ಇದ್ದರೂ ಅದರೊಳಗಿನ ಕಾರ್ಬನ್ ಉರಿದುಹೋಗಬಾರದು. ಇವುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಸಾಧಿಸುವುದು ಅಷ್ಟೇನೂ ಕಷ್ಟವಲ್ಲ. ಎರಡನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಲು ಹೊರಟಾಗ, ಮೊದಲನೆಯದಕ್ಕಾಗಿ ಮಾಡಿದ ಏರ್ಪಾಡೇ ಎರಡನೆಯದನ್ನು ಕೆಡಿಸತೊಡಗುತ್ತದೆ. ಈ ಕೆಲಸದ ತಿರುಳು ಅಲ್ಲಿದೆ.

ಇಂತಹ ವಸ್ತುಗಳು ಎಲ್ಲಿ ಬೇಕಾಗುತ್ತವೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವು ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ನಿಗಾಗಿ ರೂಪಿಸಿದ ಕಾರ್ಬನ್-ಕಾರ್ಬನ್ ನಳಿಕೆಯ ವಿವರವನ್ನು ಇಸ್ರೊ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಕೊಲಂಬಿಯಂ ಮಿಶ್ರಲೋಹದ ಜಾಗದಲ್ಲಿ ಇದನ್ನು ಬಳಸಿದರೆ ನಳಿಕೆಯ ಆ ಭಾಗದ ತೂಕ ಸುಮಾರು 67 ಪ್ರತಿಶತ ಇಳಿಯುತ್ತದೆ ಮತ್ತು ರಾಕೆಟ್ಟು 15 ಕಿಲೋಗ್ರಾಂ ಹೆಚ್ಚು ಹೊರೆಯನ್ನು ಒಯ್ಯಬಲ್ಲದು. ಮಹೇಂದ್ರಗಿರಿಯಲ್ಲಿ ನಡೆದ 200 ಸೆಕೆಂಡುಗಳ ಪರೀಕ್ಷೆಯಲ್ಲಿ ಅದರ ಉಷ್ಣತೆ 1216 ಕೆಲ್ವಿನ್, ಅಂದರೆ ಸುಮಾರು 943 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ನಳಿಕೆಯ ಮೇಲೂ ಉತ್ಕರ್ಷಣೆಯನ್ನು ತಡೆಯಲು ಸಿಲಿಕಾನ್ ಕಾರ್ಬೈಡ್ ಲೇಪನವಿದೆ. ಅಲ್ಲಿ ನಾರಿನ ಸುತ್ತ ಇರುವುದೂ ಕಾರ್ಬನ್, ನಮ್ಮ ತಟ್ಟೆಯಲ್ಲಿ ನಾರಿನ ಸುತ್ತ ಇರುವುದು ಸೆರಾಮಿಕ್. ಆದರೂ ಎರಡೂ ಕಡೆ ಕಾಡುವ ಪ್ರಶ್ನೆ ಒಂದೇ: ಕಾರ್ಬನ್‌ಗೆ ಆಮ್ಲಜನಕ ತಲುಪದಂತೆ ನೋಡಿಕೊಳ್ಳುವುದು ಹೇಗೆ?

ಬಿರುಕು ತಪ್ಪದು

ಬರೀ ಸಿಲಿಕಾನ್ ಕಾರ್ಬೈಡ್ ಬಹಳ ಗಟ್ಟಿ, ಅಷ್ಟೇ ಪೆಡಸು. ಒಂದು ಸಣ್ಣ ಬಿರುಕು ಹೊರಟರೆ ಅದನ್ನು ತಡೆಯುವಂಥದ್ದು ಸೆರಾಮಿಕ್‌ನೊಳಗೆ ಏನೂ ಇಲ್ಲ. ನಾರು ಸೇರಿಸುವ ಉದ್ದೇಶವೇ ಈ ತಡೆಯನ್ನು ಒದಗಿಸುವುದು. ಆದರೆ ನಾರು ಇದ್ದ ಮಾತ್ರಕ್ಕೆ ತಡೆ ಸಿಗುವುದಿಲ್ಲ. ಸೆರಾಮಿಕ್ ನಾರಿಗೆ ಬಲವಾಗಿ ಅಂಟಿಕೊಂಡಿದ್ದರೆ ಬಿರುಕು ನಾರನ್ನೂ ಸೀಳಿಕೊಂಡು ನೇರವಾಗಿ ಸಾಗುತ್ತದೆ. ಎರಡರ ನಡುವೆ ಒಂದು ದುರ್ಬಲ ಪದರವಿದ್ದರೆ ಮಾತ್ರ ಬಿರುಕು ನಾರಿನ ಬಳಿ ಬಂದು ದಿಕ್ಕು ಬದಲಿಸಿ, ನಾರಿನ ಮೈಗುಂಟ ಹರಿದು, ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ನಾರು ಮತ್ತು ಸೆರಾಮಿಕ್‌ನ ಬಿಗುಪು ಹೆಚ್ಚುಕಡಿಮೆ ಒಂದೇ ಇರುವಾಗ, ನಡುವಿನ ಪದರವನ್ನು ಬಿಡಿಸಲು ಬೇಕಾದ ಶಕ್ತಿಯು ನಾರನ್ನು ಮುರಿಯಲು ಬೇಕಾದ ಶಕ್ತಿಯ ಕಾಲುಭಾಗಕ್ಕಿಂತ ಕಡಿಮೆ ಇರಬೇಕು ಎಂದು ಹೀ ಮತ್ತು ಹಚಿನ್ಸನ್ ಎಂಬ ಸಂಶೋಧಕರು 1989ರಲ್ಲಿ ತೋರಿಸಿಕೊಟ್ಟರು. ಆ ಕೆಲಸಕ್ಕೆ ಅತ್ಯಂತ ಒಪ್ಪುವ ವಸ್ತು ಪದರಪದರವಾಗಿ ಜಾರಬಲ್ಲ ಪೈರೋಲಿಟಿಕ್ ಕಾರ್ಬನ್, ಅಂದರೆ ಅನಿಲವನ್ನು ಬಿಸಿಯಲ್ಲಿ ಒಡೆದು ಕೂರಿಸಿದ ಕಾರ್ಬನ್. ಉರಿಯುವುದರಲ್ಲಿಯೂ ಅದೇ ಮುಂದು ಎಂಬುದೇ ತೊಡಕು.

ಇನ್ನೊಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡು ಕೆಲಸ ಆರಂಭಿಸಬೇಕಾಗುತ್ತದೆ. ಕಾರ್ಬನ್ ನಾರು ತನ್ನ ಉದ್ದಕ್ಕೆ ಬಿಸಿಯಲ್ಲಿ ಹಿಗ್ಗುವುದೇ ಇಲ್ಲವೆನ್ನಬಹುದು. ಸಿಲಿಕಾನ್ ಕಾರ್ಬೈಡ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು ನಾಲ್ಕೂವರೆ ಪಾಲು ಹಿಗ್ಗುತ್ತದೆ. 1000 ಡಿಗ್ರಿಯಲ್ಲಿ ತಯಾರಾದ ತಟ್ಟೆ ಕೋಣೆಯ ಉಷ್ಣತೆಗೆ ಇಳಿಯುವಾಗ ಇವೆರಡರ ಕುಗ್ಗುವಿಕೆಯಲ್ಲಿ ಸುಮಾರು 0.44 ಪ್ರತಿಶತ ವ್ಯತ್ಯಾಸ ಬೀಳುತ್ತದೆ. ಸಿಲಿಕಾನ್ ಕಾರ್ಬೈಡ್ ಎಳೆತವನ್ನು ತಾಳಬಲ್ಲದ್ದು ಸುಮಾರು 0.1 ಪ್ರತಿಶತದವರೆಗೆ. ವ್ಯತ್ಯಾಸದ ಒಂದು ಪಾಲು ಮಾತ್ರ ಅದರ ಮೇಲೆ ಬಿದ್ದರೂ ಬಿರುಕು ಖಚಿತ. ಆದ್ದರಿಂದ ಕುಲುಮೆಯಿಂದ ಹೊರಬಂದ ತಟ್ಟೆ, ಯಾರೂ ಮುಟ್ಟುವ ಮೊದಲೇ, ಸೂಕ್ಷ್ಮ ಬಿರುಕುಗಳಿಂದ ತುಂಬಿರುತ್ತದೆ. ಎಷ್ಟೇ ಎಚ್ಚರದಿಂದ ತಯಾರಿಸಿದರೂ ಇದು ತಪ್ಪುವುದಿಲ್ಲ. ಬಿರುಕೇ ಇಲ್ಲದ ತಟ್ಟೆಯನ್ನು ಮಾಡುವ ಆಸೆಯನ್ನು ಬಿಟ್ಟು, ಬೇಕಾದ ಹೊತ್ತಿಗೆ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವ ತಟ್ಟೆಯನ್ನು ಮಾಡಬೇಕು ಎಂಬ ನಿಲುವಿಗೆ ನಾವು ಬಂದದ್ದು ಈ ಲೆಕ್ಕದಿಂದ.

ಯಾವ ಹೊತ್ತಿಗೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ತಟ್ಟೆ ಮತ್ತೆ 1000 ಡಿಗ್ರಿಗೆ ಬಿಸಿಯಾದರೆ ಬಿರುಕುಗಳು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ, ಅದಕ್ಕೂ ಮೇಲೆ ಸಿಲಿಕಾನ್ ಕಾರ್ಬೈಡ್ ತಾನೇ ಗಾಜಿನಂಥ ಸಿಲಿಕಾ ಪದರವನ್ನು ಬೆಳೆಸಿಕೊಂಡು ಕಾವಲು ನಿಲ್ಲುತ್ತದೆ. ಕಾರ್ಬನ್ ನಾರು ಗಾಳಿಯಲ್ಲಿ ಉರಿಯತೊಡಗುವುದು 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ. 500ರಿಂದ 900 ಡಿಗ್ರಿಯ ನಡುವೆ ಬಿರುಕುಗಳು ತೆರೆದಿರುತ್ತವೆ, ಸಿಲಿಕಾ ಇನ್ನೂ ಹುಟ್ಟಿರುವುದಿಲ್ಲ, ಕಾರ್ಬನ್ ಮಾತ್ರ ಉರಿಯಲು ಸಿದ್ಧವಾಗಿರುತ್ತದೆ. ಅತ್ಯಧಿಕ ಉಷ್ಣತೆಯಲ್ಲಿ ತಟ್ಟೆ ಉಳಿಯಿತು ಎಂಬ ಸುದ್ದಿಗಿಂತ 700 ಡಿಗ್ರಿಯಲ್ಲಿ ಉಳಿಯಿತೇ ಎಂಬ ಪ್ರಶ್ನೆಯೇ ಈ ಬಗೆಯ ಕಾಂಪೋಸಿಟ್‌ಗೆ ನಿಜವಾದ ಪರೀಕ್ಷೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾರಿನ ಮೇಲಿನ ಪದರ

ಬಳಸಿದ ಬಟ್ಟೆ ಟಿ300 ದರ್ಜೆಯ ಕಾರ್ಬನ್ ನಾರಿನದು. 3000 ಎಳೆಗಳ ಕಟ್ಟುಗಳಿಂದ ಸಾದಾ ನೇಯ್ಗೆಯಲ್ಲಿ ನೇಯ್ದದ್ದು, ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುವಂಥದ್ದು. ಎಳೆಯ ವ್ಯಾಸ 7 ಮೈಕ್ರಾನ್. ಹತ್ತು ಪದರಗಳನ್ನು 2.5 ಮಿ.ಮೀ. ದಪ್ಪಕ್ಕೆ ಒತ್ತಿದರೆ ಒಟ್ಟು ಗಾತ್ರದಲ್ಲಿ ನಾರಿನ ಪಾಲು ಸುಮಾರು 45 ಪ್ರತಿಶತ ಬರುತ್ತದೆ. ಬಟ್ಟೆಯನ್ನು ಆರಂಭದಿಂದ ಕೊನೆಯವರೆಗೂ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಬೆವರಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಕಾರ್ಬನ್ ಉರಿಯುವುದನ್ನು ಚುರುಕುಗೊಳಿಸುತ್ತವೆ. ವಿಮಾನಗಳ ಕಾರ್ಬನ್ ಬ್ರೇಕುಗಳು ರನ್‌ವೇಯ ಹಿಮ ಕರಗಿಸಲು ಚೆಲ್ಲುವ ಪೊಟ್ಯಾಸಿಯಂ ಲವಣಗಳಿಂದ ಬೇಗ ಸವೆಯುವುದಕ್ಕೂ ಇದೇ ಕಾರಣ. ಶುಚಿತ್ವದ ಈ ನಿಯಮವನ್ನು ಹೊಸಬರು ಕೇವಲ ಶಿಸ್ತಿನ ವಿಷಯವೆಂದು ಭಾವಿಸುತ್ತಾರೆ, ಆದರೆ ಅದು ಫಲಿತಾಂಶವನ್ನೇ ಬದಲಿಸಬಲ್ಲದು.

ಕಾರ್ಖಾನೆಯಿಂದ ಬರುವ ನಾರಿಗೆ ಎಪಾಕ್ಸಿಯ ತೆಳು ಲೇಪವಿರುತ್ತದೆ. ಅದನ್ನು ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ 700 ಡಿಗ್ರಿಗೆ ಕಾಯಿಸಿ ತೆಗೆದೆವು. ಆಮೇಲೆ ಅದೇ ಕುಲುಮೆಯಲ್ಲಿ, ಒತ್ತಡವನ್ನು ಇಳಿಸಿ, ಆರ್ಗಾನ್ ಬೆರೆಸಿದ ಮೀಥೇನನ್ನು ಸುಮಾರು 1050 ಡಿಗ್ರಿಯಲ್ಲಿ ಬಟ್ಟೆಯ ಮೂಲಕ ನಿಧಾನವಾಗಿ ಹಾಯಿಸಿದೆವು. ಮೀಥೇನ್ ಒಡೆದು, ಕಾರ್ಬನ್ ಪ್ರತಿಯೊಂದು ಎಳೆಯ ಸುತ್ತಲೂ ಕೂರುತ್ತದೆ; ಜಲಜನಕ ಹೊರಹೋಗುತ್ತದೆ. ಹೊರಹೋಗುವ ಅನಿಲವನ್ನು ಕಿಟಕಿಯ ಹೊರಗೆ ಬಿಟ್ಟು ಸುಮ್ಮನಾಗುವಂತಿಲ್ಲ. ಅನಿಲ ಸೋರಿಕೆ ಪತ್ತೆ ಮಾಡುವ ಉಪಕರಣ ಮತ್ತು ಸರಿಯಾದ ಹೊಗೆ ಕೊಳವೆ ಇಲ್ಲದ ಜಾಗದಲ್ಲಿ ಈ ಹಂತವನ್ನು ಕೈಗೊಳ್ಳಲೇಬಾರದು.

ಪದರ ಎಷ್ಟು ದಪ್ಪ ಕೂತಿದೆ ಎಂದು ತಿಳಿಯಲು ಪ್ರತಿ ಬಾರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಹೋಗಬೇಕಾಗಿಲ್ಲ, ತಕ್ಕಡಿ ಸಾಕು. 7 ಮೈಕ್ರಾನ್ ವ್ಯಾಸದ ಎಳೆಯ ಸುತ್ತ 0.2 ಮೈಕ್ರಾನ್ ಕಾರ್ಬನ್ ಕೂತರೆ ಗಾತ್ರ ಸುಮಾರು 12 ಪ್ರತಿಶತ ಏರುತ್ತದೆ. ಸಾಂದ್ರತೆಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತೂಕದಲ್ಲಿ 12ರಿಂದ 13 ಪ್ರತಿಶತ ಏರಿಕೆ ಬರಬೇಕು. ಬಟ್ಟೆಯ ತೂಕ ಅಷ್ಟಕ್ಕೆ ಬಂದಾಗ ನಿಲ್ಲಿಸಿ, ಒಂದು ಚೂರನ್ನು ಮಾತ್ರ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದೆವು. ಕಟ್ಟಿನ ಹೊರಗಿನ ಎಳೆಗಳ ಮೇಲೆ ಪದರ ತುಸು ದಪ್ಪವಾಗಿಯೂ ನಡುವಿನ ಎಳೆಗಳ ಮೇಲೆ ತುಸು ತೆಳುವಾಗಿಯೂ ಇತ್ತು. ಉಷ್ಣತೆ ಮತ್ತು ಒತ್ತಡ ಇಳಿದಷ್ಟೂ ಈ ಅಂತರ ತಗ್ಗುತ್ತದೆ, ಹಿಡಿಯುವ ಸಮಯ ಮಾತ್ರ ಹಿಗ್ಗುತ್ತದೆ.

ಹೋಲಿಕೆಗಾಗಿ ಪದರವೇ ಇಲ್ಲದ ಬಟ್ಟೆಯಿಂದ ಒಂದು ಬಗೆಯ ತಟ್ಟೆಯನ್ನೂ, ಸುಮಾರು 1 ಮೈಕ್ರಾನ್ ದಪ್ಪದ ಪದರವಿರುವ ಬಟ್ಟೆಯಿಂದ ಇನ್ನೊಂದು ಬಗೆಯನ್ನೂ ಮಾಡಿದೆವು. ಬೋರಾನ್ ನೈಟ್ರೈಡ್ ಪದರವೂ ಕಾರ್ಬನ್ನಿನಷ್ಟೇ ಚೆನ್ನಾಗಿ ಬಿರುಕನ್ನು ತಿರುಗಿಸುತ್ತದೆ, ಉರಿದಾಗ ಬೋರಾನ್ ಆಕ್ಸೈಡನ್ನು ಉಳಿಸುತ್ತದೆ. ಆದರೆ ಅದಕ್ಕೆ ಬೋರಾನ್ ಟ್ರೈಕ್ಲೋರೈಡ್ ಮತ್ತು ಅಮೋನಿಯಾ ಬೇಕು. ಅವುಗಳನ್ನು ನಿಭಾಯಿಸುವ ವ್ಯವಸ್ಥೆ ನಮ್ಮಲ್ಲಿಲ್ಲದ್ದರಿಂದ ಆ ದಾರಿ ಹಿಡಿಯಲಿಲ್ಲ.

ತುಂಬುವುದು, ಸುಡುವುದು, ಮತ್ತೆ ತುಂಬುವುದು

ನಾರುಗಳ ನಡುವೆ ಸಿಲಿಕಾನ್ ಕಾರ್ಬೈಡ್ ತುಂಬಲು ಮೂರು ಹೆಸರಾಂತ ದಾರಿಗಳಿವೆ. ಮೀಥೈಲ್ ಟ್ರೈಕ್ಲೋರೋಸಿಲೇನ್ ಅನಿಲದಿಂದ ನಿಧಾನವಾಗಿ ಕೂರಿಸುವುದು ಒಂದು. ಇದರಿಂದ ಅತ್ಯುತ್ತಮ ತಟ್ಟೆಗಳು ಬರುತ್ತವೆ, ವಾರಗಟ್ಟಲೆ ಸಮಯ ಹಿಡಿಯುತ್ತದೆ. ನಾರಿನ ಸುತ್ತ ತುಂಬಿದ ಕಾರ್ಬನ್ನಿನೊಳಗೆ 1414 ಡಿಗ್ರಿಯಲ್ಲಿ ಕರಗುವ ಸಿಲಿಕಾನ್ ಹೀರಿಸುವುದು ಇನ್ನೊಂದು. ಜರ್ಮನಿಯಲ್ಲಿ ಬೆಳೆದ ಈ ವಿಧಾನದಿಂದಲೇ ಇಂದು ದುಬಾರಿ ಕಾರುಗಳ ಸೆರಾಮಿಕ್ ಬ್ರೇಕ್ ಡಿಸ್ಕುಗಳು ತಯಾರಾಗುತ್ತವೆ. ವೇಗ ಮತ್ತು ಅಗ್ಗ ಎರಡರಲ್ಲೂ ಅದೇ ಮುಂದಿದ್ದರೂ ಕರಗಿದ ಸಿಲಿಕಾನ್ ನಾರನ್ನೂ ಅದರ ಮೇಲಿನ ತೆಳು ಪದರವನ್ನೂ ತಿನ್ನುತ್ತದೆ, ಬಿರುಕು ಮುಚ್ಚಲೆಂದು ನಾವು ಬೆರೆಸಲಿದ್ದ ಬೋರಾನ್ ಕಾರ್ಬೈಡ್ ಪುಡಿಯೊಂದಿಗೂ ವರ್ತಿಸುತ್ತದೆ. ನಮಗೆ ಇವೆಲ್ಲವೂ ಇದ್ದಂತೆಯೇ ಉಳಿಯಬೇಕಾಗಿದ್ದರಿಂದ ಮೂರನೆಯ ದಾರಿಯನ್ನು ಆರಿಸಿಕೊಂಡೆವು. ಪಾಲಿಕಾರ್ಬೋಸಿಲೇನ್ ಎಂಬ ದ್ರವರೂಪದ ಪಾಲಿಮರನ್ನು ಹೀರಿಸಿ, ಆರ್ಗಾನ್‌ನಲ್ಲಿ ಸುಟ್ಟು, ಸೆರಾಮಿಕ್ ಆಗಿಸಿ, ಮತ್ತೆ ಹೀರಿಸುವುದು ಆ ದಾರಿ.

ಬೋರಾನ್ ಕಾರ್ಬೈಡ್ ಪುಡಿಯನ್ನು ಎಲ್ಲಿಡಬೇಕು ಎಂಬುದರ ಮೇಲೆ ಬಹಳ ಚರ್ಚೆ ನಡೆಯಿತು. ಪಾಲಿಮರಿನಲ್ಲಿ ಕಲಸಿ ಹೊರಗಿನಿಂದ ಹೀರಿಸಿದರೆ ಮೇಲಿನ ಬಟ್ಟೆಯೇ ಜರಡಿಯಾಗಿ ಪುಡಿಯನ್ನು ತಡೆದು, ಒಳಗೆ ಬರೀ ದ್ರವವನ್ನು ಬಿಡುತ್ತದೆ. ಆದ್ದರಿಂದ ಒಂದೊಂದು ಪದರವನ್ನು ಹಾಸುವಾಗಲೂ ಪಾಲಿಮರ್, ಒಂದೆರಡು ಮೈಕ್ರಾನ್ ಗಾತ್ರದ ಬೋರಾನ್ ಕಾರ್ಬೈಡ್ ಮತ್ತು ಇನ್ನೂ ನಯವಾದ ಸಿಲಿಕಾನ್ ಕಾರ್ಬೈಡ್ ಪುಡಿಗಳನ್ನು ಬೆರೆಸಿದ ಸ್ಲರಿಯನ್ನು ಕುಂಚದಿಂದ ಬಳಿದು, ಅದರ ಮೇಲೆ ಮುಂದಿನ ಪದರವನ್ನಿಟ್ಟೆವು. ಪುಡಿ ಕಟ್ಟುಗಳ ಒಳಗೆ ಹೋಗುವುದಿಲ್ಲ, ಕಟ್ಟುಗಳ ನಡುವಿನ ದೊಡ್ಡ ಸಂದುಗಳಲ್ಲಿ ನಿಲ್ಲುತ್ತದೆ. ತಣಿಯುವಾಗ ಅಗಲವಾದ ಬಿರುಕುಗಳು ಬೀಳುವುದೂ ಅಲ್ಲಿಯೇ ಆದ್ದರಿಂದ ಪುಡಿ ಇರಬೇಕಾದ ಜಾಗದಲ್ಲಿಯೇ ಇದೆ ಎಂದಾಯಿತು. ಹತ್ತು ಪದರಗಳನ್ನು ಎರಡು ಉಕ್ಕಿನ ಹಲಗೆಗಳ ನಡುವೆ, ಅಂಚಿನಲ್ಲಿ 2.5 ಮಿ.ಮೀ. ಪಟ್ಟಿಗಳನ್ನಿಟ್ಟು ಬಿಗಿದು, ನಿರ್ವಾತದಲ್ಲಿ ಗಾಳಿಗುಳ್ಳೆ ತೆಗೆದು, ಪಾಲಿಮರ್ ಗಟ್ಟಿಯಾಗುವವರೆಗೆ ಕಾಯಿಸಿದೆವು.

ಸುಡುವ ಹಂತದಲ್ಲಿ ಅವಸರ ಸಲ್ಲದು. 200ರಿಂದ 500 ಡಿಗ್ರಿಯವರೆಗೆ ಪಾಲಿಮರಿನಿಂದ ಹಗುರ ಅಣುಗಳೂ ಜಲಜನಕವೂ ಹೊರಬರುತ್ತವೆ; ಈ ನಡುವೆ ಉಷ್ಣತೆಯನ್ನು ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಹೆಚ್ಚು ಏರಿಸಿದರೆ ಅನಿಲದ ಒತ್ತಡಕ್ಕೆ ಪದರಗಳು ಬಿಟ್ಟುಕೊಂಡು ತಟ್ಟೆ ಉಬ್ಬುತ್ತದೆ. 1000 ಡಿಗ್ರಿ ಮುಟ್ಟಿದ ಮೇಲೆ ಉಳಿಯುವುದು ಹರಳುಗಟ್ಟದ ಸಿಲಿಕಾನ್ ಕಾರ್ಬೈಡ್. ಪಾಲಿಮರಿನ ತೂಕದ ಸುಮಾರು 72 ಪ್ರತಿಶತ ಸೆರಾಮಿಕ್ ಆಗಿ ಉಳಿದರೂ ಗಾತ್ರದ ಲೆಕ್ಕ ಬೇರೆಯೇ ಇದೆ. ಪಾಲಿಮರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1 ಗ್ರಾಂ, ಉಳಿದ ಸೆರಾಮಿಕ್ಕಿನದು ಸುಮಾರು 2.5 ಗ್ರಾಂ. ಹಾಗಾಗಿ ತುಂಬಿದ ಜಾಗದಲ್ಲಿ ಸುಮಾರು 30 ಪ್ರತಿಶತ ಮಾತ್ರ ನಿಜವಾಗಿ ತುಂಬಿರುತ್ತದೆ, ಉಳಿದದ್ದು ಮತ್ತೆ ಖಾಲಿ. ಪ್ರತಿ ಸುತ್ತಿನಲ್ಲಿ ಉಳಿದ ಖಾಲಿಯ ಶೇಕಡಾ 30 ತುಂಬುತ್ತ ಹೋದರೆ ಅರ್ಧ ಖಾಲಿಯಿದ್ದ ತಟ್ಟೆ ಏಳು ಸುತ್ತುಗಳ ಮೇಲೆ ಸುಮಾರು 4 ಪ್ರತಿಶತಕ್ಕೆ ಇಳಿಯಬೇಕು. ವಾಸ್ತವದಲ್ಲಿ ಕೆಲವು ರಂಧ್ರಗಳ ಬಾಯಿ ಮೊದಲೇ ಮುಚ್ಚಿಹೋಗಿ ಒಳಗೆ ದ್ರವ ಸೇರುವುದಿಲ್ಲ, ಆದ್ದರಿಂದ ಖಾಲಿ ಜಾಗ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ. ಒಂದು ಸುತ್ತಿನಲ್ಲಿ ತೂಕದ ಏರಿಕೆ 1 ಪ್ರತಿಶತಕ್ಕಿಂತ ಕಡಿಮೆಯಾದಾಗ ನಿಲ್ಲಿಸುವುದು ರೂಢಿ. ನಾವೂ ಹಾಗೆಯೇ ಮಾಡಿದೆವು. ಆಗ ಸಾಂದ್ರತೆ ಘನ ಸೆಂಟಿಮೀಟರಿಗೆ 1.9 ಗ್ರಾಂ ಆಸುಪಾಸಿನಲ್ಲಿತ್ತು.

ಬಾಗಿಸಿ ನೋಡಿದ್ದು

ತಟ್ಟೆಗಳನ್ನು ಪೀಣ್ಯದ ಒಂದು ಕಾರ್ಯಾಗಾರದಲ್ಲಿ ವಜ್ರದ ಅಲಗಿನಿಂದ ಪಟ್ಟಿಗಳಾಗಿ ಕತ್ತರಿಸಿಕೊಂಡೆವು. ಬಾಗಿಸುವ ಪರೀಕ್ಷೆಯಲ್ಲಿ ಆಧಾರಗಳ ನಡುವಿನ ಅಂತರ 80 ಮಿ.ಮೀ., ಅಂದರೆ ದಪ್ಪದ 32 ಪಟ್ಟು. ಈ ಅಂತರ ಚಿಕ್ಕದಾದರೆ ಪದರಗಳು ಒಂದರ ಮೇಲೊಂದು ಜಾರಿ ಸೋಲುತ್ತವೆ. ಆಗ ಸಿಗುವ ಸಂಖ್ಯೆ ನಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪದರವಿಲ್ಲದ ನಾರಿನ ಪಟ್ಟಿಯಲ್ಲಿ ಭಾರದ ಗೆರೆ ನೇರವಾಗಿ ಏರಿ, ಒಂದು ಚಟ್ ಸದ್ದಿನೊಂದಿಗೆ ಸೊನ್ನೆಗಿಳಿಯಿತು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಉಜ್ಜಿ ನಯ ಮಾಡಿದಂತೆ ಸಮತಟ್ಟು, ನಾರು ಯಾವುದು ಸೆರಾಮಿಕ್ ಯಾವುದು ಎಂದು ಬೇರ್ಪಡಿಸಿ ಹೇಳುವುದೂ ಕಷ್ಟ. 0.2 ಮೈಕ್ರಾನ್ ಪದರವಿದ್ದ ಪಟ್ಟಿಯ ನಡೆ ಪೂರ್ತಿ ಬೇರೆಯಾಗಿತ್ತು. ಗೆರೆ ಒಂದು ಹಂತದವರೆಗೆ ನೇರವಾಗಿ ಏರಿ, ಅಲ್ಲಿಂದ ಬಾಗಿ, ಸಣ್ಣಸಣ್ಣ ಚಿಟಚಿಟ ಸದ್ದುಗಳ ನಡುವೆ ಇನ್ನೂ ಮೇಲೇರಿತು; ಶಿಖರ ದಾಟಿದ ಮೇಲೂ ಮೆಟ್ಟಿಲುಮೆಟ್ಟಿಲಾಗಿ ಇಳಿಯಿತೇ ಹೊರತು ಕುಸಿಯಲಿಲ್ಲ. ಯಂತ್ರದಿಂದ ತೆಗೆದಾಗಲೂ ಪಟ್ಟಿ ಒಂದೇ ತುಂಡಾಗಿತ್ತು. ಕೈಯಿಂದ ಪೂರ್ತಿ ಮುರಿದು ನೋಡಿದರೆ ಮುರಿದ ಅಂಚಿನಲ್ಲಿ ನಾರುಗಳು ಪೊರಕೆಯ ತುದಿಯಂತೆ ಹೊರಚಾಚಿದ್ದವು. ಸೂಕ್ಷ್ಮದರ್ಶಕದಲ್ಲಿ ಆ ನಾರುಗಳ ಮೈ ನುಣುಪಾಗಿಯೂ, ಅವು ಕಳಚಿಕೊಂಡು ಬಂದ ತೂತುಗಳ ಒಳಗೋಡೆ ಅಷ್ಟೇ ನುಣುಪಾಗಿಯೂ ಕಂಡವು. ಬಿರುಕು ಎಲ್ಲಿ ತಿರುಗಬೇಕಿತ್ತೋ ಅಲ್ಲಿಯೇ ತಿರುಗಿತ್ತು.

1 ಮೈಕ್ರಾನ್ ಪದರದ ಪಟ್ಟಿಯೂ ಒಮ್ಮೆಲೇ ಮುರಿಯಲಿಲ್ಲ. ಆದರೆ ಅದು ಹೊತ್ತ ಗರಿಷ್ಠ ಭಾರ ಕಡಿಮೆಯಾಗಿತ್ತು. ಪದರ ಅತಿಯಾಗಿ ದಪ್ಪವಾದಾಗ ಸೆರಾಮಿಕ್ ತನ್ನ ಮೇಲಿನ ಭಾರವನ್ನು ನಾರಿಗೆ ಸರಿಯಾಗಿ ದಾಟಿಸಲಾರದು. ಉರಿಯುವ ಕಾರ್ಬನ್ನಿನ ಪಾಲನ್ನೂ ಅದು ಹೆಚ್ಚಿಸುತ್ತದೆ. ಹೀಗಾಗಿ ಮುಂದಿನ ಕೆಲಸವೆಲ್ಲ 0.2 ಮೈಕ್ರಾನ್‌ನ ಸುತ್ತಲೇ ನಡೆಯಿತು.

700 ಡಿಗ್ರಿಯ ಗಾಳಿಯಲ್ಲಿ

ಉತ್ಕರ್ಷಣೆಯ ಪರೀಕ್ಷೆಗೆ ಮಫಲ್ ಕುಲುಮೆ ಸಾಕು, ಬಾಗಿಲಿನಿಂದ ಗಾಳಿ ಆಡುತ್ತಿರಬೇಕು ಅಷ್ಟೆ. ಪಟ್ಟಿಗಳನ್ನು ಅಲ್ಯೂಮಿನಾ ದೋಣಿಗಳಲ್ಲಿಟ್ಟು 700 ಡಿಗ್ರಿಯಲ್ಲಿ ಬಿಟ್ಟು, ಆಗಾಗ ಹೊರತೆಗೆದು ತೂಗಿದೆವು. ಹೋಲಿಕೆಗಾಗಿ ಬೋರಾನ್ ಕಾರ್ಬೈಡ್ ಹಾಕದೆ ಮಾಡಿದ ಪಟ್ಟಿಗಳ ತೂಕ ಎಡೆಬಿಡದೆ ಇಳಿಯಿತು. ಅವುಗಳ ಹೊರನೋಟದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಬಣ್ಣ, ಅಂಚು, ದಪ್ಪ ಎಲ್ಲ ಹಾಗೆಯೇ. ಕತ್ತರಿಸಿ ಒಳಗೆ ನೋಡಿದಾಗ ನಾರಿದ್ದ ಜಾಗದಲ್ಲಿ ಉದ್ದನೆಯ ಸುರಂಗಗಳಿದ್ದವು, ಸುರಂಗದ ಗೋಡೆ ಸಿಲಿಕಾನ್ ಕಾರ್ಬೈಡ್, ನಡುವೆ ಬೆಂಡಾಗಿ ಪೆನ್ಸಿಲ್ ಮೊನೆಯಂತೆ ಚೂಪಾಗಿ ಸಣ್ಣಗಾದ ನಾರು. ಮೊದಲು ಉರಿದದ್ದು ನಾರಿನ ಸುತ್ತಲಿನ ಪೈರೋಲಿಟಿಕ್ ಪದರ. ಅದು ಹೋದ ಜಾಗ ಆಮ್ಲಜನಕಕ್ಕೆ ತಟ್ಟೆಯ ಒಳಗಿನವರೆಗೂ ತೆರೆದ ಓಣಿಯಾಯಿತು. ಈ ಉಷ್ಣತೆಯಲ್ಲಿ ಕಾರ್ಬನ್ ಉರಿಯುವ ವೇಗ ಅಷ್ಟೇನೂ ಹೆಚ್ಚಲ್ಲದ್ದರಿಂದ ಆಮ್ಲಜನಕ ಹೊರಮೈಯಲ್ಲೇ ಖರ್ಚಾಗಿಬಿಡದೆ ಆಳಕ್ಕೆ ಇಳಿಯಲು ಅವಕಾಶ ಸಿಗುತ್ತದೆ. ಹೊರಗೆ ಗುರುತು ಕಾಣದೆ ಒಳಗೆ ಟೊಳ್ಳಾಗುವುದಕ್ಕೆ ಇದೇ ಕಾರಣ.

ಬೋರಾನ್ ಕಾರ್ಬೈಡ್ ಇದ್ದ ಪಟ್ಟಿಗಳಲ್ಲಿ ತೂಕ ಮೊದಮೊದಲು ಸ್ವಲ್ಪ ಇಳಿದು, ಆಮೇಲೆ ಬಹುತೇಕ ನಿಂತೇಹೋಯಿತು. ಇದನ್ನು ಗೆಲುವೆಂದು ಬರೆದುಕೊಳ್ಳುವ ಮೊದಲು ಒಂದು ಲೆಕ್ಕವನ್ನು ಮಾಡಲೇಬೇಕು. ಬೋರಾನ್ ಕಾರ್ಬೈಡ್ ಆಮ್ಲಜನಕದೊಂದಿಗೆ ಸೇರಿ ಬೋರಾನ್ ಆಕ್ಸೈಡ್ ಆಗುವಾಗ ಒಂದು ಗ್ರಾಂ ಪುಡಿಯಿಂದ ಎರಡೂವರೆ ಗ್ರಾಂ ಆಕ್ಸೈಡ್ ಹುಟ್ಟುತ್ತದೆ. ಅಂದರೆ ತಟ್ಟೆ ಒಂದು ಕಡೆ ಕಾರ್ಬನ್ ಕಳೆದುಕೊಂಡು ಹಗುರವಾಗುತ್ತಿದ್ದರೂ ಇನ್ನೊಂದು ಕಡೆ ಆಕ್ಸೈಡಿನಿಂದ ಭಾರವಾಗುತ್ತಿರುತ್ತದೆ. ತಕ್ಕಡಿಗೆ ಕಾಣುವುದು ಎರಡರ ವ್ಯತ್ಯಾಸ ಮಾತ್ರ. ತೂಕ ನಿಂತಿದೆ ಎಂದರೆ ನಾರು ಉಳಿದಿದೆ ಎಂದರ್ಥವಲ್ಲ. ಆದ್ದರಿಂದ ಕುಲುಮೆಯಿಂದ ಬಂದ ಪಟ್ಟಿಗಳನ್ನು ಬಾಗಿಸಿ, ಉಳಿದ ಬಲವನ್ನು ಅಳೆಯುವುದನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡೆವು. ತೂಕದ ಗೆರೆಯನ್ನು ಮಾತ್ರ ಮುಂದಿಟ್ಟು ಬೋರಾನ್ ಇರುವ ಕಾಂಪೋಸಿಟ್ಟನ್ನು ಹೊಗಳುವುದು ಸರಿಯಲ್ಲವೆಂದು ನಾನು ನಂಬುತ್ತೇನೆ.

ಬಲದ ಅಳತೆಯೂ ತೂಕದ ದಿಕ್ಕಿನಲ್ಲಿಯೇ ಇತ್ತು, ಆದರೆ ತೂಕ ಸೂಚಿಸಿದಷ್ಟು ಉದಾರವಾಗಿರಲಿಲ್ಲ. ಬೋರಾನ್ ಇಲ್ಲದ ಪಟ್ಟಿಗಳು ಬಲದ ಬಹುಪಾಲನ್ನು ಕಳೆದುಕೊಂಡು ಕೈಯಲ್ಲಿ ಮುರಿಯುವ ಸ್ಥಿತಿಗೆ ಬಂದಿದ್ದವು. ಬೋರಾನ್ ಇದ್ದವು ಅರ್ಧಕ್ಕಿಂತ ಹೆಚ್ಚು ಬಲವನ್ನು ಉಳಿಸಿಕೊಂಡು, ಮುರಿಯುವಾಗ ನಾರುಗಳನ್ನು ಹೊರಚಾಚಿದವು. ಅವುಗಳ ಅಡ್ಡಸೀಳಿಕೆಯಲ್ಲಿ ಕಟ್ಟುಗಳ ನಡುವಿನ ಬಿರುಕುಗಳನ್ನು ಒಂದು ಪಾರದರ್ಶಕ ಗಾಜು ತುಂಬಿರುವುದು ಕಾಣಿಸಿತು. ಬೋರಾನ್ ಆಕ್ಸೈಡ್ ಕರಗುವುದು 450 ಡಿಗ್ರಿಯಲ್ಲಿ. ಹುಟ್ಟಿದ ಆಕ್ಸೈಡಿನ ಗಾತ್ರ ಮೂಲ ಪುಡಿಯ ಮೂರರಷ್ಟಕ್ಕಿಂತ ಹೆಚ್ಚಾದ್ದರಿಂದ ಅದು ಬಿರುಕಿನೊಳಗೆ ಹರಿದು ಬಾಯಿ ಮುಚ್ಚಬಲ್ಲದು. ಬಿರುಕು ಹೆಚ್ಚು ಅಪಾಯಕಾರಿಯಾಗಿರುವ ಉಷ್ಣತೆಗಳಲ್ಲಿಯೇ ಅದನ್ನು ಮುಚ್ಚುವ ದ್ರವ ಸಿದ್ಧವಾಗುತ್ತದೆ ಎಂಬ ಕಾರಣಕ್ಕೇ ನಾವು ಈ ವಸ್ತುವನ್ನು ಆರಿಸಿದ್ದು.

ಬಲದ ನಷ್ಟ ಎಲ್ಲಿ ಆಯಿತು ಎಂದು ಹುಡುಕಿದಾಗ ಉತ್ತರ ಸಿಕ್ಕಿದ್ದು ಕತ್ತರಿಸಿದ ಅಂಚುಗಳಲ್ಲಿ. ವಜ್ರದ ಅಲಗು ಹಾಯ್ದಲ್ಲಿ ನಾರಿನ ಕತ್ತರಿಸಿದ ತುದಿಗಳು ನೇರವಾಗಿ ಗಾಳಿಗೆ ತೆರೆದಿರುತ್ತವೆ. ಅಲ್ಲಿಂದ ಒಳಗೆ ಸುಮಾರು ಒಂದು ಮಿ.ಮೀ.ವರೆಗೆ ಸುರಂಗಗಳು ಹೋಗಿದ್ದವು, ಅದರಾಚೆ ನಾರು ಗಟ್ಟಿಯಾಗಿಯೇ ಇತ್ತು. ಹಾಗಾಗಿ ಒಳಗಿನ ಬೋರಾನ್ ಎಷ್ಟೇ ಒಳ್ಳೆಯ ಕೆಲಸ ಮಾಡಿದರೂ ಹೊರಗೊಂದು ಹೊದಿಕೆ ಬೇಕೇ ಬೇಕು.

ತೂಗುವ ವಿಷಯದಲ್ಲಿ ಒಂದು ಎಚ್ಚರಿಕೆ. ಬೋರಾನ್ ಆಕ್ಸೈಡ್ ಗಾಳಿಯ ತೇವವನ್ನು ಹೀರಿ ಬೋರಿಕ್ ಆಮ್ಲವಾಗುತ್ತದೆ. ಮಳೆಗಾಲದಲ್ಲಿ ಪಟ್ಟಿಯನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟರೆ ಮರುದಿನ ಅದರ ಮೈಮೇಲೆ ಬಿಳಿಯ ಹುಡಿ ಅರಳಿರುತ್ತದೆ, ತೂಕವೂ ಏರಿರುತ್ತದೆ. ಕುಲುಮೆಯಿಂದ ತೆಗೆದ ಪಟ್ಟಿಯನ್ನು ನೇರವಾಗಿ ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿಟ್ಟು, ಆರಿದ ಕೂಡಲೇ ತೂಗಬೇಕು.

ಹೊದಿಕೆ

ಅಮೆರಿಕದ ಸ್ಪೇಸ್ ಶಟಲ್ಲಿನ ಮೂಗು ಮತ್ತು ರೆಕ್ಕೆಯ ಮುಂದಿನ ಅಂಚುಗಳಿಗೆ ಬಳಸಿದ ಕಾರ್ಬನ್-ಕಾರ್ಬನ್ ಭಾಗಗಳ ರಕ್ಷಣೆಯನ್ನು ಒಂದರ ಹಿಂದೆ ಒಂದು ಸಾಲಾಗಿ ಕಟ್ಟಲಾಗಿತ್ತು. ಮೇಲ್ಮೈಯ ಕಾರ್ಬನ್ನನ್ನು ಸಿಲಿಕಾನ್ ಕಾರ್ಬೈಡ್ ಆಗಿ ಪರಿವರ್ತಿಸಿ, ಅದರ ಬಿರುಕು ರಂಧ್ರಗಳಿಗೆ ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ ಉಣಿಸಿ ಸಿಲಿಕಾ ಉಳಿಸಿ, ಕೊನೆಗೆ ಸೋಡಿಯಂ ಸಿಲಿಕೇಟ್ ಗಾಜಿನ ಮುದ್ರೆ ಹಾಕುತ್ತಿದ್ದರು. ಒಂದೇ ಲೇಪನ ಎಲ್ಲ ಉಷ್ಣತೆಗಳಲ್ಲಿ ಕಾಯಲಾರದು ಎಂಬ ತಿಳಿವಳಿಕೆ ಆ ಏರ್ಪಾಡಿನಲ್ಲಿದೆ. ನಾವು ಅದೇ ತತ್ವವನ್ನು ನಮ್ಮ ಸಲಕರಣೆಗೆ ಹೊಂದಿಸಿಕೊಂಡೆವು. ಕತ್ತರಿಸಿದ ಪಟ್ಟಿಗಳಿಗೆ ಮೊದಲು ಬೋರಾನ್ ಕಾರ್ಬೈಡ್ ಹೆಚ್ಚಿರುವ ಸ್ಲರಿಯನ್ನು, ಅದು ಸುಟ್ಟ ಮೇಲೆ ಬೋರಾನ್ ಇಲ್ಲದ, ಸಿಲಿಕಾನ್ ಕಾರ್ಬೈಡ್ ಮತ್ತು ಅಲ್ಪ ಸಿಲಿಕಾನ್ ಪುಡಿಯ ಸ್ಲರಿಯನ್ನು ಬಳಿದು, ಎರಡನ್ನೂ 1000 ಡಿಗ್ರಿಯಲ್ಲಿ ಆರ್ಗಾನ್‌ನಲ್ಲಿ ಸುಟ್ಟೆವು. ಕೊನೆಯಲ್ಲಿ ಬರೀ ಪಾಲಿಮರನ್ನು ಹೀರಿಸಿ ಮತ್ತೊಮ್ಮೆ ಸುಟ್ಟೆವು. ಅಂಚುಗಳಿಗೆ ಕುಂಚ ಎರಡು ಬಾರಿ ಹಾಯಬೇಕು, ಏಕೆಂದರೆ ಚೂಪು ಮೂಲೆಗಳಲ್ಲಿ ಸ್ಲರಿ ನಿಲ್ಲದೆ ಎರಡೂ ಬದಿಗೆ ಜಾರುತ್ತದೆ. ಲೇಪಿಸುವ ಮೊದಲು ಮೂಲೆಗಳನ್ನು ಮರಳು ಕಾಗದದಿಂದ ತುಸು ದುಂಡಾಗಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಬೋರಾನ್ ಒಳಗೆ, ಸಿಲಿಕಾನ್ ಹೊರಗೆ ಎಂಬ ಕ್ರಮಕ್ಕೆ ಕಾರಣವಿದೆ. 1000 ಡಿಗ್ರಿ ದಾಟಿದ ಮೇಲೆ ಬೋರಾನ್ ಆಕ್ಸೈಡ್ ಆವಿಯಾಗತೊಡಗುತ್ತದೆ. ಮೇಲ್ಪದರದಲ್ಲಿದ್ದರೆ ಅದು ಬೇಗ ಮುಗಿದುಹೋಗುತ್ತದೆ. ಒಳಗಿದ್ದರೆ ಹೊರಗಿನ ಸಿಲಿಕಾ ಅದರಲ್ಲಿ ಕರಗಿ ಬೋರೋಸಿಲಿಕೇಟ್ ಗಾಜಾಗುತ್ತದೆ. ಈ ಗಾಜು ಬರೀ ಬೋರಾನ್ ಆಕ್ಸೈಡಿಗಿಂತ ಮಂದ, ಆವಿಯಾಗುವುದೂ ನಿಧಾನ. ಬರೀ ಸಿಲಿಕಾಗಿಂತ ಕಡಿಮೆ ಉಷ್ಣತೆಯಲ್ಲಿ ಹರಿಯುತ್ತದೆ.

ಹೊದಿಸಿದ ಪಟ್ಟಿಗಳು 700 ಡಿಗ್ರಿಯ ಪರೀಕ್ಷೆಯ ನಂತರ ಮೊದಲಿನ ಬಲದ ಹೆಚ್ಚಿನ ಪಾಲನ್ನು ಉಳಿಸಿಕೊಂಡವು. ಅಂಚಿನ ಸುರಂಗಗಳು ಅಲ್ಲೊಂದು ಇಲ್ಲೊಂದು ಎಂಬಷ್ಟಕ್ಕೆ ಇಳಿದವು. ಬಾಗಿಸಿದಾಗಿನ ಗೆರೆಯ ಆಕಾರವೂ ಬದಲಾಗಲಿಲ್ಲ ಎಂಬುದು ನನಗೆ ಅದಕ್ಕಿಂತ ಹೆಚ್ಚು ಸಮಾಧಾನ ತಂದ ಸಂಗತಿ. ಗಾಜು ನಾರಿನ ಮೈವರೆಗೂ ಹರಿದು ಅಂಟಿಕೊಂಡಿದ್ದರೆ ತಣಿದಾಗ ನಾರು ಮತ್ತು ಸೆರಾಮಿಕ್ ಒಂದಕ್ಕೊಂದು ಬೆಸೆದು, ತಟ್ಟೆ ಉರಿಯದೆಯೂ ಪೆಡಸಾಗಿಬಿಡುತ್ತಿತ್ತು. ಪುಡಿ ಕಟ್ಟುಗಳ ಹೊರಗೇ ಉಳಿದದ್ದರಿಂದ ಗಾಜೂ ಬಹುಪಾಲು ಅಲ್ಲಿಯೇ ಉಳಿಯಿತು, ಕಟ್ಟಿನೊಳಗಿನ ಎಳೆಗಳಿಗೆ ಜಾರುವ ಸ್ವಾತಂತ್ರ್ಯ ಹಾಗೆಯೇ ಇತ್ತು.

ಒಣ ಗಾಳಿಯಲ್ಲಿ ಇಷ್ಟು ಆದಮೇಲೆ ಗಾಳಿಯನ್ನು ಬೆಚ್ಚಗಿನ ನೀರಿನ ಬುಡ್ಡಿಯ ಮೂಲಕ ಹಾಯಿಸಿ ಕುಲುಮೆಗೆ ಬಿಟ್ಟು ನೋಡಿದೆವು. ನೀರಾವಿ ಬೋರಾನ್ ಆಕ್ಸೈಡಿನೊಂದಿಗೆ ಸೇರಿ ಮೆಟಾಬೋರಿಕ್ ಆಮ್ಲದ ಆವಿಯಾಗಿ ಅದನ್ನು ಹೊತ್ತೊಯ್ಯುತ್ತದೆ. ಉರಿಯುವ ಇಂಧನದಿಂದ ನೀರಾವಿ ಹುಟ್ಟದ ಎಂಜಿನ್ ಇಲ್ಲವೆಂದೇ ಹೇಳಬಹುದಾದ್ದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಉಳಿದ ಬಲ ಒಣ ಗಾಳಿಯಲ್ಲಿದ್ದದ್ದಕ್ಕಿಂತ ಕಡಿಮೆಯಾಯಿತು, ಹೊದಿಕೆಯಿಲ್ಲದ ಪಟ್ಟಿಗಳಿಗಿಂತ ಹೆಚ್ಚಾಗಿಯೇ ಇತ್ತು. ಹೊರಪದರದಲ್ಲಿ ಸಿಲಿಕಾನ್ ಪುಡಿಯ ಪಾಲನ್ನು ಏರಿಸಿ, ಗಾಜಿನಲ್ಲಿ ಸಿಲಿಕಾ ಹೆಚ್ಚುವಂತೆ ಮಾಡಿದ ಪಟ್ಟಿಗಳು ಈಗ ಅದೇ ಕುಲುಮೆಯಲ್ಲಿವೆ.

ನಾರಿನ ಮೇಲಿನ ಪದರವನ್ನೂ ಬದಲಿಸುವ ಯೋಜನೆಯಿದೆ. 0.2 ಮೈಕ್ರಾನ್‌ನ ಒಂದೇ ಕಾರ್ಬನ್ ಪದರದ ಬದಲು ತೀರ ತೆಳುವಾದ ಕಾರ್ಬನ್ ಮತ್ತು ಸಿಲಿಕಾನ್ ಕಾರ್ಬೈಡ್ ಪದರಗಳನ್ನು ಸರದಿಯಂತೆ ಕೂರಿಸಿದರೆ ಬಿರುಕು ತಿರುಗಲು ಹಲವು ಜಾಗಗಳು ಸಿಗುತ್ತವೆ, ಉರಿಯುವ ಪ್ರತಿಯೊಂದು ಓಣಿಯೂ ಕಿರಿದಾಗಿ ಸಿಲಿಕಾದಿಂದ ಬೇಗ ಮುಚ್ಚಿಕೊಳ್ಳುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಈ ಬಗೆಯ ಪದರಗಳ ಮೇಲೆ ಬಹಳ ಕೆಲಸ ನಡೆದಿದೆ. ಇದಕ್ಕೆ ಕೊಳವೆ ಕುಲುಮೆಗೆ ಮೀಥೈಲ್ ಟ್ರೈಕ್ಲೋರೋಸಿಲೇನ್ ಬಿಡಬೇಕಾಗುತ್ತದೆ, ಹೊರಬರುವ ಹೈಡ್ರೋಜನ್ ಕ್ಲೋರೈಡನ್ನು ಹಿಡಿಯಬೇಕಾಗುತ್ತದೆ. ಅದಕ್ಕಾಗಿ ಕ್ಷಾರದ ನೀರು ತುಂಬಿದ ಎರಡು ತೊಟ್ಟಿಗಳನ್ನು ಹೊಗೆ ಕೊಳವೆಯ ಸಾಲಿನಲ್ಲಿ ಕೂರಿಸುವ ಕೆಲಸ ನಡೆಯುತ್ತಿದೆ. ಅದು ಮುಗಿದು ಸೋರಿಕೆ ಪರೀಕ್ಷೆ ಆಗುವವರೆಗೆ ಮೀಥೈಲ್ ಟ್ರೈಕ್ಲೋರೋಸಿಲೇನ್ ಪಾತ್ರೆಯನ್ನು ಕುಲುಮೆಗೆ ಜೋಡಿಸುವುದಿಲ್ಲ.